ಮೆಕ್ಕೆಜೋಳದ ರಾಶಿಯೊಳಗಿನ ಗಾಳಿ, ಕಂಪ್ಯೂಟರಿನ ಲೆಕ್ಕ

ಚಳಿಗಾಲದ ಬೆಳಗ್ಗೆ ದಾವಣಗೆರೆ ಸುತ್ತಿನ ಯಾವುದಾದರೂ ಕಣದಲ್ಲಿ ಮೆಕ್ಕೆಜೋಳದ ರಾಶಿಗೆ ಕೈ ಹಾಕಿ ನೋಡಿ. ಮೇಲೆ ತಣ್ಣಗೆ, ಮೊಳಕೈವರೆಗೆ ಇಳಿಸಿದರೆ ಬೆಚ್ಚಗೆ. ತಾಡಪಾಲು ಎತ್ತಿದರೆ ಕೆಲವೊಮ್ಮೆ ಮೇಲಿನ ಕಾಳೇ ಒದ್ದೆಯಾಗಿ ಗಂಟು ಕಟ್ಟಿರುತ್ತದೆ. ಮಳೆಯೇ ಬಂದಿಲ್ಲ ಅಲ್ವಾ, ನೀರು ಎಲ್ಲಿಂದ ಬಂತು?

ರಾಶಿಯಲ್ಲಿ ಸುಮಾರು 40% ಜಾಗ ಬರೀ ಗಾಳಿ. ನಡುವಿನ ಬೆಚ್ಚನೆಯ ಗಾಳಿ ಕಾಳಿನ ಸಂದಿಗಳಲ್ಲಿ ಮೇಲೇರುತ್ತದೆ, ಅಂಚಿನ ತಣ್ಣನೆಯ ಗಾಳಿ ಇಳಿಯುತ್ತದೆ. ಏರಿದ ಗಾಳಿ ಹೊತ್ತು ತಂದ ತೇವ ಮೇಲಿನ ತಣ್ಣನೆ ಕಾಳಿಗೆ ಅಂಟುತ್ತದೆ. ಸರಂಧ್ರ ಮಾಧ್ಯಮದಲ್ಲಿನ, ಅಂದರೆ ಸಂದಿಗಳಿರುವ ವಸ್ತುವಿನಲ್ಲಿನ, ನೈಸರ್ಗಿಕ ಉಷ್ಣ ಸಂವಹನ ಅನ್ನುವುದು ಇದನ್ನೇ.

1856ರಲ್ಲಿ ಫ್ರಾನ್ಸಿನ ಡಾರ್ಸಿ ಮರಳಿನಲ್ಲಿ ನೀರು ಹರಿಯುವ ನಿಯಮ ಕೊಟ್ಟರು. 1945ರಲ್ಲಿ ಹಾರ್ಟನ್ ಮತ್ತು ರೋಜರ್ಸ್, 1948ರಲ್ಲಿ ಲ್ಯಾಪ್‌ವುಡ್ ಅದಕ್ಕೆ ಶಾಖ ಸೇರಿಸಿದರು. ಕೆಳಗಿನಿಂದ ಕಾಯಿಸಿದ ಪದರದಲ್ಲಿ ರೇಲೀ ಸಂಖ್ಯೆ (ಶಾಖದ ಎಳೆತ ಹರಿವಿನ ತಡೆಯನ್ನು ಎಷ್ಟು ಮೀರುತ್ತದೆ ಅನ್ನುವ ಅಳತೆ) ಸುಮಾರು 39.5 ದಾಟಿದರೆ ಸುಳಿ ಶುರು. ನಮ್ಮಲ್ಲಿ ಈ ಗಣಿತವನ್ನು ದಶಕಗಳ ಕಾಲ ಬೆಳೆಸಿದವರು ಬೆಂಗಳೂರು ವಿಶ್ವವಿದ್ಯಾಲಯದ ಪ್ರೊ. ಎನ್. ರುದ್ರಯ್ಯ.

ಗೋಜಲಾಗಿದ್ದು ಕಂಪ್ಯೂಟರ್ ಬಂದ ಮೇಲೆ. 1967ರಲ್ಲಿ ಎಲ್ಡರ್ ಎಂಬ ಸಂಶೋಧಕರು, ಅಡಿಯ ನಡುಭಾಗ ಮಾತ್ರ ಕಾಯಿಸಿದ ಪದರದ ಲೆಕ್ಕ ಮಾಡಿದರು. ಪದರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದ ತಾಪ ಮತ್ತು ಹರಿವು ಹುಡುಕುವುದು ಇದರ ದಾರಿ. 1987ರಲ್ಲಿ ಬೇರೆ ಸಂಶೋಧಕರು ಇದೇ ಲೆಕ್ಕವನ್ನು ಶಾಖ ಬಿಟ್ಟು ಉಪ್ಪುನೀರಿಗೆ ಹೊಂದಿಸಿದರು. ಪ್ರೋಗ್ರಾಂ ಸರಿಯಿದೆಯಾ ಅಂತ ನೋಡಲು ಎಲ್ಲರೂ ಅದನ್ನೇ ಬಳಸತೊಡಗಿದರು. ಆದರೆ ಒಬ್ಬರಿಗೆ ನಡುವಿನ ಹರಿವು ಮೇಲೆ ಹೋಗುತ್ತದೆ, ಚೌಕ ಸಣ್ಣ ಮಾಡಿದವರಿಗೆ ಕೆಳಗೆ! ಸಮೀಕರಣ ಮಾತ್ರ ಅದೇ. ಯಾರದು ಸರಿ ಅನ್ನುವ ಚರ್ಚೆ ವರ್ಷಗಟ್ಟಲೆ ನಡೆಯಿತು. ಕೊನೆಗೆ ಗೊತ್ತಾಗಿದ್ದು, ಆ ಸಮೀಕರಣಕ್ಕೇ ಒಂದಕ್ಕಿಂತ ಜಾಸ್ತಿ ಸ್ಥಿರ ಉತ್ತರಗಳಿವೆ. ಚೌಕದ ಗಾತ್ರ ಬದಲಾದರೆ ಲೆಕ್ಕ ಒಂದು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ.

ಆಮೇಲೆ ಸಮೀಕರಣಕ್ಕೆ ಕಾಂತಕ್ಷೇತ್ರ ಸೇರಿತು, ನ್ಯಾನೋದ್ರವ (ಅತಿ ಸಣ್ಣ ಕಣಗಳನ್ನು ಬೆರೆಸಿದ ದ್ರವ) ಸೇರಿತು. ಪ್ರಬಂಧಗಳು ರಾಶಿ ರಾಶಿ ಬಂದವು. ಕಾಳಿನ ರಾಶಿ ಮಾತ್ರ ಬಹಳಷ್ಟು ಲೆಕ್ಕಗಳ ಹೊರಗೇ ಉಳಿಯಿತು ಅನ್ನಿಸುತ್ತದೆ. ಕಾಳು ಉಸಿರಾಡುತ್ತದೆ, ತಾನೇ ಕಾವು ಹುಟ್ಟಿಸುತ್ತದೆ. ಸುರಿಯುವಾಗ ದಪ್ಪ ಕಾಳು ಅಂಚಿಗೆ ಜಾರಿದರೆ ನುಚ್ಚು, ಧೂಳು ನಡುವೆಯೇ ನಿಲ್ಲುತ್ತವೆ. ಅಲ್ಲಿ ಗಾಳಿ ಹಾಯುವುದೇ ಕಷ್ಟ. ಎಲ್ಲ ಕಡೆ ಒಂದೇ ಥರ ಸಂದಿ ಇದೆ ಅಂದುಕೊಂಡ ಲೆಕ್ಕಕ್ಕೆ ಇದು ಕಾಣುವುದಿಲ್ಲ. ಮೂರು ಆಳದಲ್ಲಿ ಥರ್ಮಾಮೀಟರ್ ಇಳಿಸಿ, ಸಂಜೆ ಒಮ್ಮೆ, ನಸುಕಿನಲ್ಲಿ ಒಮ್ಮೆ ಬರೆದಿಟ್ಟ ಅಂಕಿಗಳಲ್ಲಿ ಕಾಣುತ್ತದೆ.