ಮುರಕಲ್ಲನ್ನು ಉಸಿರಾಡುವ ಜೀವಿಗಳು

ನೇಜಿ ನೆಟ್ಟು ಕೆಲವು ವಾರ ಕಳೆದ ಬೈಲುಗದ್ದೆಯ ಮೂಲೆಯಲ್ಲಿ ಎಣ್ಣೆ ಚೆಲ್ಲಿದಂಥ ಬಣ್ಣಬಣ್ಣದ ಪದರ ನೋಡಿದ್ದೀರಲ್ಲ? ಉಡುಪಿ ಕಡೆಯ ನಮ್ಮೂರಲ್ಲಿ ಅದಕ್ಕೆ ಎರಡೇ ವ್ಯಾಖ್ಯಾನ: ಒಂದೋ ಅಡಿಯಲ್ಲಿ ಪೆಟ್ರೋಲು ಇದೆ, ಇಲ್ಲವೋ ಆಗದವರು ಏನೋ ಮಾಡಿಸಿದ್ದಾರೆ. ಈ ಎರಡನೆಯದರಿಂದ ನೆರೆಕರೆಯವರ ನಡುವೆ ಮಾತೇ ನಿಂತದ್ದನ್ನು ಕಂಡು ನೊಂದಿದ್ದೇನೆ. ದಯವಿಟ್ಟು ಒಂದು ಕಡ್ಡಿಯಿಂದ ಆ ಪದರವನ್ನು ಕದಡಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಇದು ಹಪ್ಪಳದಂತೆ ಚೂರುಚೂರಾಗಿ ಹಾಗೇ ತೇಲುತ್ತದೆ. ಅದು ತುಕ್ಕು, ನಮ್ಮದೇ ಕೆಂಪುಮಣ್ಣಿನ ಕಬ್ಬಿಣ.

ಆದರೆ ಆ ಕಬ್ಬಿಣ ನೀರಿಗೆ ಇಳಿದದ್ದಾದರೂ ಹೇಗೆ? ಲಕ್ಷಾಂತರ ವರ್ಷಗಳ ಮಳೆ ಬಂಡೆಯ ಕ್ಯಾಲ್ಸಿಯಂ, ಸೋಡಿಯಂ, ಬಹುಪಾಲು ಸಿಲಿಕವನ್ನೂ ತೊಳೆದು ಒಯ್ದ ಮೇಲೆ ಕರಗದೆ ಉಳಿದದ್ದೇ ಮುರಕಲ್ಲು. ಮಲಬಾರಿನಲ್ಲಿ ಜನ ಅದನ್ನು ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ಕಂಡ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್, ಲ್ಯಾಟಿನ್ನಿನಲ್ಲಿ ಇಟ್ಟಿಗೆಗಿರುವ ಪದದಿಂದಲೇ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಅದರ ಕೆಂಪು ಹೆಮಟೈಟಿನದು, ಹಳದಿ ಗೋಥೈಟಿನದು; ಎರಡೂ ತುಕ್ಕಿನ ಜಾತಿಯ ಕಬ್ಬಿಣದ ಖನಿಜಗಳು. ಗೋಥೈಟಿಗೆ ಜರ್ಮನ್ ಕವಿ ಗಯಟೆಯ ಹೆಸರು ಬಂದದ್ದು 1806ರಲ್ಲಿ. ಕವಿಯ ಹೆಸರಿನ ಖನಿಜ ನಮ್ಮ ಅಂಗಳದಲ್ಲಿದೆ ಎಂಬುದು ನನಗೆ ಇವತ್ತಿಗೂ ಪುಳಕ.

ಮಳೆಗೆ ಜಗ್ಗದ ಈ ಖನಿಜಗಳನ್ನು ಕರಗಿಸುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಉಸಿರಾಟವೆಂದರೆ ಊಟದ ನಂತರ ಉಳಿಯುವ ಎಲೆಕ್ಟ್ರಾನುಗಳ ವಿಲೇವಾರಿ. ಜಂಬಾರದಲ್ಲಿ ಉಂಡ ಬಾಳೆಲೆ ಎತ್ತಿ ಎಸೆಯದಿದ್ದರೆ ಮುಂದಿನ ಪಂಕ್ತಿ ಕೂರುವಂತಿಲ್ಲ, ಹಾಗೆ. ನಮಗೆಲ್ಲ ಎಲೆ ಹಾಕುವ ಗುಂಡಿ ಆಮ್ಲಜನಕ. ನೀರು ನಿಂತ ಗದ್ದೆಯ ಕೆಸರಲ್ಲಿ ಆ ಗುಂಡಿ ಬೇಗನೆ ಮುಚ್ಚಿಹೋಗುತ್ತದೆ. ಆಗ ಜಿಯೋಬ್ಯಾಕ್ಟರ್‌ನಂಥ ಜೀವಿಗಳು ಎಲೆಕ್ಟ್ರಾನನ್ನು ತುಕ್ಕಿನ ಮೇಲೆ ಹೇರುತ್ತವೆ. ಕಲ್ಲನ್ನು ನುಂಗಲಾದೀತೇ? ದೋಟಿ ಚಾಚಿ ಮಾವು ಕೊಯ್ಯುವಂತೆ, ಮೈಯಿಂದ ಹೊರಚಾಚಿದ ಪ್ರೋಟೀನಿನ ತಂತಿಗಳ ಮೂಲಕ ಎಲೆಕ್ಟ್ರಾನನ್ನು ದಾಟಿಸುತ್ತವೆ. ಒಂದೇ ಒಂದು ಎಲೆಕ್ಟ್ರಾನು ಹೆಚ್ಚಾದರೆ ಸಾಕು, ಗೋಡೆಯ ಕಲ್ಲಿನಂತೆ ಬಿಗಿದು ಕೂತಿದ್ದ ಕಬ್ಬಿಣದ ಹಿಡಿತ ಸಡಿಲಿ ನೀರಿಗೆ ಜಾರುತ್ತದೆ. ಅದಕ್ಕೆ ಅಂಟಿಕೊಂಡಿದ್ದ ರಂಜಕವೂ ಬಿಡುಗಡೆಯಾಗಿ ಪೈರಿಗೆ ಸಿಗುತ್ತದೆ.

ಗಾಳಿ ತಾಗಿದೊಡನೆ ಇದೆಲ್ಲ ತಿರುಗಾಮುರುಗಾ: ಕರಗಿದ ಕಬ್ಬಿಣ ಮತ್ತೆ ತುಕ್ಕಾಗುತ್ತದೆ. ಸೇದುವಾಗ ತಿಳಿಯಾಗಿದ್ದ ಕೆಲವು ಬಾವಿಗಳ ನೀರು ಸಂಜೆಯೊಳಗೆ ಕೊಡಪಾನದಲ್ಲಿ ಕೆಂಪಾಗುವುದು ಇದರಿಂದಲೇ. ಯಾರ ಕಣ್ಣೂ ಬಿದ್ದದ್ದಲ್ಲ. ಭತ್ತದ ಗಿಡವೂ ಇದೇ ಉಪಾಯ ಮಾಡುತ್ತದೆ. ಎಲೆಯಿಂದ ಗಾಳಿಯನ್ನು ಬೇರಿಗೆ ಇಳಿಸಿ, ಅತಿಯಾದ ಕಬ್ಬಿಣ ಒಳಗೆ ನುಗ್ಗುವ ಮೊದಲೇ ಬೇರಿನ ಹೊರಮೈಯಲ್ಲಿ ತುಕ್ಕಾಗಿಸಿ ತಡೆಯುತ್ತದೆ. ಕೆಸರಿನಿಂದ ಒಂದು ಬುಡ ಕಿತ್ತು ತೊಳೆದು ನೋಡಿ: ಎಳೆಬೇರು ಬೆಳ್ಳಗೆ, ಬಲಿತ ಬೇರು ಮುರಕಲ್ಲಿನ ಬಣ್ಣ.