ರೇಟಿಂಗ್ ಕೈಗೆ ಬಂದರೆ ಸಾಲದು, ಕೈ ಪಳಗಿರಬೇಕು

ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಆಗುವವರಿಗೆ ಹೊರಗೆ ನೋಡದೆ ಇನ್‌ಸ್ಟ್ರುಮೆಂಟ್ (ಎದುರಿಗಿರುವ ಮಾಪಕಗಳು) ನೋಡಿಕೊಂಡು ಹಾರುವ ತರಬೇತಿ ಕಡ್ಡಾಯವಾಗಿ ಇರುವುದು ಬರೀ 3 ಗಂಟೆ. ಅದು ಮೋಡದೊಳಗೆ ಹೋಗುವುದಕ್ಕಲ್ಲ, ಗೊತ್ತಿಲ್ಲದೆ ಹೊಕ್ಕುಬಿಟ್ಟರೆ ಹೊರಗೆ ಬರುವುದಕ್ಕೆ. ಮೋಡದಲ್ಲಿ ಹಾರಲು ಇನ್‌ಸ್ಟ್ರುಮೆಂಟ್ ರೇಟಿಂಗ್ ಅನ್ನುವ ಹೆಚ್ಚುವರಿ ಅರ್ಹತೆ ಬೇಕು. ಅದಕ್ಕೆ ಒಟ್ಟು 40 ಗಂಟೆ ಇನ್‌ಸ್ಟ್ರುಮೆಂಟ್ ಹಾರಾಟ, ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ 50 ಗಂಟೆ ದೂರದ ಹಾರಾಟ, ಜೊತೆಗೆ ಪರೀಕ್ಷೆಗಳು. ನನ್ನ ಹತ್ತಿರ ಕಲಿಯಲು ಬರುವ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡಿಗರು ಮೊದಲು ಕೇಳುವುದು, "ಸರ್, ಎಷ್ಟು ತಿಂಗಳು ಬೇಕಾಗುತ್ತೆ?" ಅಂತ. ರೇಟಿಂಗ್ ಬಂದ ಮೇಲೆ ಏನು ಮಾಡಬೇಕು ಅಂತ ಕೇಳುವವರು ಕಡಿಮೆ. ನನಗೆ ಚಿಂತೆ ಇರುವುದು ಅಲ್ಲೇ.

ಮೊದಲು ದೇಹದ ವಿಷಯ. ಒಳಕಿವಿಯಲ್ಲಿರುವ ದ್ರವ, ತಿರುವು ಶುರುವಾದಾಗ ಮತ್ತು ನಿಂತಾಗ ಮಾತ್ರ ಸರಿಯಾಗಿ ಸುದ್ದಿ ಕೊಡುತ್ತದೆ. ವಿಮಾನ ಒಂದೇ ಸಮನೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿಗೆ ನೆಟ್ಟಗೆ ಹೋಗುತ್ತಿದ್ದೇವೆ ಅನಿಸುತ್ತದೆ. ಆಗ ರೆಕ್ಕೆ ಸಮ ಮಾಡಿದರೆ ಎದುರು ದಿಕ್ಕಿಗೆ ವಾಲಿದ ಹಾಗಾಗುತ್ತದೆ. ಪೈಲಟ್ ಮತ್ತೆ ಹಳೇ ಕಡೆಗೇ ವಾಲಿಸುತ್ತಾನೆ. ಮೂಗು ಇಳಿಯುತ್ತದೆ, ವೇಗ ಏರುತ್ತದೆ, ಅವನು ಕಂಟ್ರೋಲನ್ನು ಹಿಂದಕ್ಕೆ ಎಳೆಯುತ್ತಾನೆ, ಸುರುಳಿ ಇನ್ನೂ ಬಿಗಿಯಾಗುತ್ತದೆ.

ಇಲಿನಾಯ್ ವಿಶ್ವವಿದ್ಯಾಲಯದವರು 1954ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಇನ್‌ಸ್ಟ್ರುಮೆಂಟ್ ಅನುಭವ ಇಲ್ಲದ 20 ಜನರಿಗೆ ಹೊರಗೆ ಕಾಣದ ಹಾಗೆ ಮಾಡಿ ಹಾರಿಸಿದರು. ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಈ ಅಂಕಿ ಎಲ್ಲರ ಬಾಯಲ್ಲಿದೆ. ಆದರೆ ಅದೇ ಜನ ಸ್ವಲ್ಪ ತರಬೇತಿ ಪಡೆದ ಮೇಲೆ ಹೆಚ್ಚುಕಡಿಮೆ ಪ್ರತಿ ಸಲವೂ 180 ಡಿಗ್ರಿ ತಿರುಗಿ ಹೊರಬಂದರು. ಪ್ರಯೋಗ ನಡೆಸಿದ್ದೇ ಅದನ್ನು ಕಲಿಸಬಹುದಾ ಅಂತ ನೋಡಲು.

1999ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ಹಾರಿಸುತ್ತಿದ್ದ ವಿಮಾನ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದಾಗ ಅವರ ಇನ್‌ಸ್ಟ್ರುಮೆಂಟ್ ತರಬೇತಿ ಅರ್ಧದಲ್ಲಿತ್ತು. ಆ ರಾತ್ರಿಯ ಹಾರಾಟ ನಿಯಮಕ್ಕೆ ವಿರುದ್ಧವಾಗಿರಲಿಲ್ಲ. ಮಬ್ಬಿನಲ್ಲಿ, ನೀರಿನ ಮೇಲೆ, ಕ್ಷಿತಿಜವೇ ಕಾಣಿಸುತ್ತಿರಲಿಲ್ಲ. 2020ರಲ್ಲಿ ಅಪಘಾತಕ್ಕೀಡಾದ, ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಇದ್ದ ಹೆಲಿಕಾಪ್ಟರಿನ ಪೈಲಟ್‌ಗೆ ರೇಟಿಂಗ್ ಇತ್ತು, ಅವರು ವೃತ್ತಿಪರರು. ಆದರೂ ಮೋಡ ಹೊಕ್ಕ ಮೇಲೆ ಕಂಟ್ರೋಲರ್‌ಗೆ "ಏರುತ್ತಿದ್ದೇವೆ" ಅನ್ನುವಾಗ ಹೆಲಿಕಾಪ್ಟರ್ ಎಡಕ್ಕೆ ತಿರುಗುತ್ತಾ ಕೆಳಗಿಳಿಯುತ್ತಿತ್ತು.

ರೇಟಿಂಗ್ ಬಂದ ಮೇಲೆ ಮೋಡದಲ್ಲಿ ಹಾರುತ್ತಿರಲು ನಿಯಮ ಕೇಳುವುದು ಇಷ್ಟು: ಹಿಂದಿನ 6 ತಿಂಗಳಲ್ಲಿ 6 ಅಪ್ರೋಚ್ (ಮಾಪಕ ನೋಡಿಕೊಂಡು ರನ್‌ವೇ ಕಡೆಗೆ ಇಳಿಯುವುದು), ಹೋಲ್ಡಿಂಗ್ (ಆಕಾಶದಲ್ಲೇ ಸುತ್ತುತ್ತಾ ಕಾಯುವುದು), ಕೋರ್ಸ್ (ಗೊತ್ತುಮಾಡಿದ ದಾರಿ) ಹಿಡಿದು ಟ್ರ್ಯಾಕ್ ಮಾಡುವುದು. ಇದೆಲ್ಲ ಒಂದೇ ವಾರಾಂತ್ಯದಲ್ಲಿ ಮುಗಿಸಿ, ಆಮೇಲೆ ತಿಂಗಳುಗಟ್ಟಲೆ ಸುಮ್ನೆ ಇದ್ದರೂ ಲೆಕ್ಕಕ್ಕೆ ಸರಿ. ಖಾಸಗಿ ಹಾರಾಟಕ್ಕಂತೂ ಶೂನ್ಯ ವಿಸಿಬಿಲಿಟಿಯಲ್ಲಿ ಟೇಕಾಫ್ ಮಾಡುವುದಕ್ಕೂ ಅಡ್ಡಿ ಇಲ್ಲ. ಆದ್ದರಿಂದ ಮಿತಿಯನ್ನು ನೀವೇ ಹಾಕಿಕೊಳ್ಳಬೇಕು. ಐಎಲ್‌ಎಸ್ (ರೇಡಿಯೊ ಸಂಕೇತದಿಂದ ರನ್‌ವೇಗೆ ದಾರಿ ತೋರಿಸುವ ವ್ಯವಸ್ಥೆ) 200 ಅಡಿಯವರೆಗೆ ಇಳಿಸುತ್ತದೆ, ನಿಜ. ಹೊಸದಾಗಿ ರೇಟಿಂಗ್ ಪಡೆದವರು ಮೋಡದ ತಳ 1,000 ಅಡಿಗಿಂತ ಕೆಳಗಿದ್ದರೆ ಹೊರಡುವುದೇ ಬೇಡ ಅನ್ನುತ್ತೇನೆ. ಆಟೊಪೈಲಟ್ ಬಳಸಿ, ಒಳ್ಳೆಯದೇ. ಆದರೆ ಅದು ಕೈಕೊಟ್ಟಾಗ ಕೈಯಿಂದಲೇ ಅಪ್ರೋಚ್ ಮುಗಿಸಬಲ್ಲೆ ಅನ್ನುವ ಭರವಸೆ ಇಲ್ಲದಿದ್ದರೆ ಅವತ್ತು ಹೋಗಬೇಡಿ. ಹಳೇ ಸೆಸ್ನಾ ವಿಮಾನಗಳಲ್ಲಿ ಕೆಲವು ಮಾಪಕಗಳನ್ನು ನಡೆಸುವ ವ್ಯಾಕ್ಯೂಮ್ ಪಂಪ್ ಕೆಟ್ಟರೆ ಆಟಿಟ್ಯೂಡ್ ಇಂಡಿಕೇಟರ್ (ವಿಮಾನ ಎಷ್ಟು ವಾಲಿದೆ ಅಂತ ತೋರಿಸುವ ಮಾಪಕ) ತಟ್ಟನೆ ನಿಲ್ಲುವುದಿಲ್ಲ, ಮೆಲ್ಲಗೆ ವಾಲುತ್ತಾ ಸುಳ್ಳು ಹೇಳುತ್ತದೆ. ಅದನ್ನು ಮುಚ್ಚಿಟ್ಟು ತಿರುವು ತೋರಿಸುವ ಟರ್ನ್ ಕೋಆರ್ಡಿನೇಟರ್ ನೋಡಿಕೊಂಡು ಹಾರುವ ಅಭ್ಯಾಸ ಬಿಡಬೇಡಿ.

ಇನ್ನೊಂದು ವಿಷಯ ಹಲವರಿಗೆ ಗೊತ್ತೇ ಇಲ್ಲ. ಒಂದು ಮೋಡವನ್ನೂ ಹೊಗದೆ, ಪೂರ್ತಿ ಹುಡ್ (ಹೊರಗೆ ಕಾಣದಂತೆ ತಲೆಗೆ ಹಾಕುವ ಮರೆ) ಹಾಕಿಕೊಂಡೇ ಈ ರೇಟಿಂಗ್ ಪಡೆಯಬಹುದು. ಅರಿಝೋನಾದಂಥ ಬಿಸಿಲಿನ ಕಡೆ ಕಲಿತವರಿಗೆ ಹೀಗಾಗುವುದು ಜಾಸ್ತಿ. ಹುಡ್ ಅಂಚಿನಿಂದ ಬೆಳಕು, ನೆರಳು ಸ್ವಲ್ಪವಾದರೂ ಕಣ್ಣಿಗೆ ಬೀಳುತ್ತದೆ, ಮೋಡದಲ್ಲಿ ಅದೂ ಇಲ್ಲ. ಕ್ಯಾಲಿಫೋರ್ನಿಯಾ ಕರಾವಳಿಯ ಬೇಸಿಗೆಯ ಬೆಳಗಿನ ಮೋಡ ಸಾಮಾನ್ಯವಾಗಿ ತೆಳು, ಕುಲುಕಾಟ ಕಡಿಮೆ, ಗುಡುಗಿಲ್ಲ, ರೆಕ್ಕೆ ಮೇಲೆ ಮಂಜುಗಡ್ಡೆ ಕಟ್ಟುವ ಐಸಿಂಗ್ ಇಲ್ಲ. ಹಾಫ್ ಮೂನ್ ಬೇ, ವಾಟ್ಸನ್‌ವಿಲ್ ಕಡೆ ಅದು ಸುಲಭವಾಗಿ ಸಿಗುತ್ತದೆ. ಚೆಕ್‌ರೈಡ್‌ಗೆ (ರೇಟಿಂಗ್ ಕೊಡುವ ಹಾರಾಟ ಪರೀಕ್ಷೆಗೆ) ಮುಂಚೆ ಅದರೊಳಗೆ ಕರೆದುಕೊಂಡು ಹೋಗಿ ಅಂತ ನಿಮ್ಮ ಇನ್‌ಸ್ಟ್ರಕ್ಟರ್‌ಗೆ ಹೇಳಿ. ಅವರು ಒಪ್ಪದಿದ್ದರೆ ಬೇರೆಯವರನ್ನು ಹುಡುಕಿ.