ತೇಲುವ ಹನ್ನೆರಡು ಟನ್

10,000 ಘನ ಮೀಟರ್ ಗಾಳಿ ಹಿಡಿಯುವ ಬಿಸಿಗಾಳಿ ಬಲೂನು ಸುಮಾರು ಇಪ್ಪತ್ತು ಜನರನ್ನು ಹೊತ್ತೊಯ್ಯಬಲ್ಲದು. 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ 1.22 ಕಿಲೋ ತೂಗಿದರೆ, 100 ಡಿಗ್ರಿಗೆ ಕಾದಾಗ 0.95 ಕಿಲೋ. ಈ ಕಾಲು ಕಿಲೋ ಚಿಲ್ಲರೆ ವ್ಯತ್ಯಾಸವೇ ಒಟ್ಟುಗೂಡಿ ಸುಮಾರು 2.7 ಟನ್ ಭಾರ ಎತ್ತುತ್ತದೆ. ಆದರೆ ಒಳಗಿನ ಬಿಸಿಗಾಳಿಯೂ ಒಂಬತ್ತೂವರೆ ಟನ್ ಇರುತ್ತದೆ. ಎಲ್ಲ ಸೇರಿಸಿದರೆ ಗಾಳಿಯ ಜೊತೆ ಚಲಿಸುತ್ತಿರುವುದು ಹನ್ನೆರಡು ಟನ್. ಅದಕ್ಕೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಪ್ರಯಾಣಿಕರ ಸುರಕ್ಷತೆಯ ನಿಯಮಗಳೆಲ್ಲ ಹುಟ್ಟುವುದು ಈ ಜಡತೆಯಿಂದಲೇ.

ಹಾಗಾಗಿ ಮುಖ್ಯ ನಿರ್ಧಾರ ನೆಲ ಬಿಡುವ ಮೊದಲೇ ಆಗಬೇಕು. ಪೈಲಟ್ ಪುಟ್ಟ ಹೀಲಿಯಂ ಬಲೂನೊಂದನ್ನು ಹಾರಿಬಿಟ್ಟು, ಬೇರೆ ಬೇರೆ ಎತ್ತರದಲ್ಲಿ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡುತ್ತಾರೆ. ನೆಲಮಟ್ಟದ ಗಾಳಿ ಗಂಟೆಗೆ 18 ಕಿಲೋಮೀಟರ್ ಆಸುಪಾಸಿಗೆ ಬಂದರೆ ಹಾರಾಟ ಕೈಬಿಡುವುದೇ ವಾಡಿಕೆ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿಯ ಸುಳಿಗಳನ್ನು ತಪ್ಪಿಸಲು ಹೊರಡುವುದು ಸೂರ್ಯೋದಯದ ಹೊತ್ತಿಗೆ. ಮಂಜು ಕವಿದಿದ್ದರಂತೂ ಬೇಡವೇ ಬೇಡ. ಹಾರಾಟ ರದ್ದು ಮಾಡುವ ಪೈಲಟ್ ಮೇಲೆ ಮುನಿಸಿಕೊಳ್ಳಬಾರದು, ನಂಬಬೇಕಾದದ್ದು ಅಂಥವರನ್ನೇ.

ಆಕಾಶದ ಎತ್ತರಕ್ಕಿಂತ ನೆಲದ ಸಮೀಪವೇ ಹೆಚ್ಚು ಅಪಾಯ. ಅಲ್ಲಿ ವಿದ್ಯುತ್ ತಂತಿಗಳಿವೆ. ಬರ್ನರ್ ಉರಿಸಿದೊಡನೆ ಬಲೂನು ಜಿಗಿಯುವುದಿಲ್ಲ. ಅಷ್ಟೊಂದು ಗಾಳಿ ಬಿಸಿಯಾಗಿ, ಆ ಭಾರ ಮೇಲ್ಮುಖವಾಗಲು ಹಲವು ಸೆಕೆಂಡು ಹಿಡಿಯುತ್ತದೆ. ತಂತಿ ತೀರಾ ಹತ್ತಿರವಿದ್ದಾಗ ಹಾರಿ ದಾಟುವ ಆಸೆ ಪ್ರಾಣಕ್ಕೆ ಎರವಾಗುವುದು ಇದರಿಂದಲೇ. 2012ರ ಜನವರಿ 7ರಂದು ನ್ಯೂಜಿಲೆಂಡಿನ ಕಾರ್ಟರ್ಟನ್ ಬಳಿ ಹೀಗೆ ಮೇಲೇರಲು ಹೊರಟ ಬಲೂನು ತಂತಿಗೆ ಸಿಕ್ಕಿ ಹೊತ್ತಿಕೊಂಡು, ಹನ್ನೊಂದು ಮಂದಿಯೂ ಸತ್ತರು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಾಗ ಮಾಡಬೇಕಾದದ್ದು ತದ್ವಿರುದ್ಧ: ನೆತ್ತಿಯ ವಾಲ್ವನ್ನು ಪೂರ್ತಿ ತೆರೆದು ಬೇಗ ಕೆಳಗಿಳಿಯುವುದು, ಪ್ರೊಪೇನ್ ಸಿಲಿಂಡರುಗಳನ್ನು ಮುಚ್ಚುವುದು. ಆಗ ತಂತಿ ಬುಟ್ಟಿಗಾಗಲಿ ಉಕ್ಕಿನ ಹಗ್ಗಗಳಿಗಾಗಲಿ ತಗಲದೆ ಮೇಲಿನ ಬಟ್ಟೆಗೆ ತಗಲುತ್ತದೆ.

2016ರ ಜುಲೈ 30ರಂದು ಅಮೆರಿಕದ ಟೆಕ್ಸಾಸ್‌ನ ಲಾಕ್‌ಹಾರ್ಟ್‌ನಲ್ಲಿ ಹದಿನಾರು ಜನರನ್ನು ಬಲಿ ಪಡೆದದ್ದೂ ವಿದ್ಯುತ್ ತಂತಿಯೇ. ಪೈಲಟ್‌ನ ವಿವೇಚನೆಯನ್ನು ಮಂಕಾಗಿಸುವ ಔಷಧಿಗಳು ಆತನ ದೇಹದಲ್ಲಿದ್ದುದು ತನಿಖೆಯಲ್ಲಿ ಕಂಡುಬಂತು. ಪ್ರಯಾಣಿಕರನ್ನು ಒಯ್ಯುವ ಬಲೂನ್ ಪೈಲಟ್‌ಗಳಿಗೆ ಅಲ್ಲಿ ವೈದ್ಯಕೀಯ ಪ್ರಮಾಣಪತ್ರ ಆಗ ಕಡ್ಡಾಯವಿರಲಿಲ್ಲ. ಆ ನಿಯಮ ಬಂದದ್ದು 2022ರಲ್ಲಿ. ಆರು ವರ್ಷ ಕಾಯಬೇಕಾದ ವಿಷಯವೇ ಅಲ್ಲ ಅದು.

ಪ್ರಯಾಣಿಕರ ಪಾತ್ರ ದೊಡ್ಡದಾಗುವುದು ಇಳಿಯುವಾಗ. ಗಾಳಿಯಿದ್ದರೆ ಬುಟ್ಟಿ ನೆಲಕ್ಕೆ ತಾಗಿ, ಪುಟಿದು, ಅಡ್ಡ ಬಿದ್ದು ಒಂದಷ್ಟು ದೂರ ಎಳೆದುಕೊಂಡು ಹೋಗುತ್ತದೆ. ಕೈಕಾಲು ಮುರಿಯುವುದು ಹೆಚ್ಚಾಗಿ ಆಗಲೇ. ಬಲೂನು ಸಾಗುತ್ತಿರುವ ದಿಕ್ಕಿಗೆ ಬೆನ್ನು ಮಾಡಿ, ಬೆನ್ನು ತಲೆ ಎರಡನ್ನೂ ಬುಟ್ಟಿಯ ಗೋಡೆಗೆ ಒತ್ತಿ, ಮೊಣಕಾಲು ತುಸು ಮಡಚಿ ನಿಲ್ಲಬೇಕು. ಎದುರಿನ ಹಗ್ಗದ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯಬೇಕು. ಫೋನು, ಕ್ಯಾಮೆರಾ ಅದಕ್ಕೂ ಮೊದಲೇ ಚೀಲ ಸೇರಿರಬೇಕು. ಕೈ ಹೊರಗೆ ಚಾಚಿ ನೆಲ ಒತ್ತುವ ಸಹಜ ಚಪಲವನ್ನು ತಡೆಯಬೇಕು. ಬುಟ್ಟಿ ಕೈಯ ಮೇಲೆಯೇ ಮಗುಚುತ್ತದೆ.

ಬುಟ್ಟಿ ನಿಂತ ಮಾತ್ರಕ್ಕೆ ಇಳಿಯುವಂತೆಯೂ ಇಲ್ಲ. ಬಲೂನಿನ ಬಟ್ಟೆಯ ಚೀಲದಲ್ಲಿ ಇನ್ನೂ ಬಿಸಿಗಾಳಿ ಇರುತ್ತದೆ. 70 ಕಿಲೋದ ಒಬ್ಬರು ಹೊರಗೆ ಜಿಗಿದರೆ ಅಷ್ಟೂ ಎತ್ತುವ ಬಲ ಉಳಿದವರ ಪಾಲಿಗೆ ಹೆಚ್ಚುವರಿಯಾಗಿ ಬಲೂನು ಮತ್ತೆ ಮೇಲೇಳುತ್ತದೆ. 2013ರ ಫೆಬ್ರವರಿ 26ರಂದು ಈಜಿಪ್ಟಿನ ಲಕ್ಸರ್‌ನಲ್ಲಿ ಇಳಿಯುವ ಹೊತ್ತಿಗೆ ಇಂಧನದ ಬೆಂಕಿ ಹೊತ್ತಿತು. ಪೈಲಟ್ ಹೊರಗೆ ಹಾರಿದ. ಬೆಂಕಿಯ ಶಾಖವೂ ಕೂಡಿ, ಹಗುರಾದ ಬಲೂನು ಉಳಿದವರನ್ನು ಹೊತ್ತು ಗಗನಕ್ಕೇರಿತು. ಹತ್ತೊಂಬತ್ತು ಜನ ಉಳಿಯಲಿಲ್ಲ. ಎಂದಿನ ಹಾರಾಟದಲ್ಲಿ ನೆಲದ ಸಿಬ್ಬಂದಿ ಓಡಿಬಂದು ಬುಟ್ಟಿಯ ಅಂಚಿಗೆ ಭಾರ ಹಾಕಿ ನಿಲ್ಲುತ್ತಾರೆ. ನೆತ್ತಿಯಿಂದ ಗಾಳಿ ಹೊರಹೋಗಿ ಚೀಲ ಕುಸಿದ ಮೇಲೆ ಪೈಲಟ್ ಹೆಸರು ಕರೆದಂತೆ ಒಬ್ಬೊಬ್ಬರೇ ಇಳಿಯುತ್ತಾರೆ.